ಕಲ್ಲಿನ ಬಟ್ಟಲಲ್ಲಿ ಅರಳುವ ಕವಲುತೆನೆ: ಸಾತಾರಾ ಪ್ರಸ್ಥಭೂಮಿಯ ‘ವಾಯತುರಾ’

ಬೆಳಗಾವಿಯಿಂದ ಪುಣೆಯ ಹೆದ್ದಾರಿಯಲ್ಲಿ ಸುಮಾರು 230 ಕಿ.ಮೀ. ಸಾಗಿದರೆ ಸಾತಾರಾ ನಗರ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಘಟ್ಟವೇರುವ ರಸ್ತೆಯಲ್ಲಿ 25 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಎತ್ತರದಲ್ಲಿ, ಮೇಜಿನಂತೆ ಚಪ್ಪಟೆಯಾದ ಒಂದು ಕಲ್ಲುಹಾಸು ಹರಡಿಕೊಂಡಿದೆ. ಅದೇ ಕಾಸ್ ಪ್ರಸ್ಥಭೂಮಿ. ಮರಾಠಿಯಲ್ಲಿ ‘ಕಾಸ್ ಪಠಾರ್’. ಬೇಸಿಗೆಯಲ್ಲಿ ಅದನ್ನು ಕಂಡವರು ಬರಡು ನೆಲವೆಂದೇ ತೀರ್ಮಾನಿಸಿ ಹಿಂದಿರುಗುತ್ತಾರೆ. ಅದೇ ನೆಲ ಮಳೆಗಾಲದ ಕೊನೆಯ ವೇಳೆಗೆ ಹಳದಿ, ನೇರಳೆ, ಬಿಳಿ, ಗುಲಾಬಿ ಬಣ್ಣದ ಹೂವುಗಳ ಹಾಸಾಗಿ ಮಾರ್ಪಡುತ್ತದೆ. ವಾರಾಂತ್ಯಗಳಲ್ಲಿ ಸಾವಿರಾರು ಜನ ಕ್ಯಾಮೆರಾ ಹಿಡಿದು ಅಲ್ಲಿಗೆ ಧಾವಿಸುವುದು ಈ ಹಾಸನ್ನು ನೋಡಲು.

ಈ ಜನಜಂಗುಳಿಯ ಕಣ್ಣಿಗೆ ಬಹುಮಟ್ಟಿಗೆ ಬೀಳದ ಹೂವೊಂದು ಅಲ್ಲಿಯ ಕಲ್ಲಿನ ಗುಳಿಗಳಲ್ಲಿ ನಿಂತ ಮಳೆನೀರಿನಲ್ಲಿದೆ. ಸ್ಥಳೀಯರು ಅದನ್ನು ‘ವಾಯತುರಾ’ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಅಪೋನೋಜೆಟಾನ್ ಸಾತಾರೆನ್ಸಿಸ್. ಹೆಸರಿನಲ್ಲೇ ಊರಿದೆ. ಸಾತಾರಾ ಸುತ್ತಲಿನ ಕೆಲವೇ ಎತ್ತರದ ಕಲ್ಲುಹಾಸುಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಗಿಡ ಸ್ವಾಭಾವಿಕವಾಗಿ ಬೆಳೆಯುವುದಿಲ್ಲ. ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಇದು ಅಪಾಯದಲ್ಲಿರುವ ಪ್ರಭೇದವೆಂದು ದಾಖಲಾಗಿದೆ.

ಮರಾಠಿಯಲ್ಲಿ ‘ತುರಾ’ ಎಂದರೆ ತಲೆಯ ಮೇಲೆ ಎದ್ದು ನಿಲ್ಲುವ ಕುಚ್ಚು. ನಮ್ಮ ಪೇಟದ ‘ತುರಾಯಿ’ಗೆ ಹತ್ತಿರದ ಮಾತು. ಹೂವನ್ನು ಒಮ್ಮೆ ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ನೀರಿನ ಮೇಲೆ ಚಾಚಿದ ಒಂದೇ ದಂಟಿನ ತುದಿ ಎರಡಾಗಿ ಕವಲೊಡೆದು, ಎರಡೂ ಕವಲುಗಳ ಉದ್ದಕ್ಕೂ ನಸುಗೆಂಪು ಮಿಶ್ರಿತ ನೇರಳೆ ಬಣ್ಣದ ಪುಟ್ಟ ಹೂಗಳು ಒತ್ತಾಗಿ ಜೋಡಣೆಗೊಂಡಿರುತ್ತವೆ. ಇದೇ ಕುಲದ ಇನ್ನೊಂದು ಗಿಡ ಅಪೋನೋಜೆಟಾನ್ ನಟಾನ್ಸ್ ಕರ್ನಾಟಕದ ಕೆರೆ, ಹೊಂಡ, ಗದ್ದೆಗಳಲ್ಲಿಯೂ ಸಿಗುತ್ತದೆ. ಆದರೆ ಅದರ ಹೂದಂಟಿನಲ್ಲಿ ಇರುವುದು ಒಂದೇ ತೆನೆ. ಏಷ್ಯಾದ ಪ್ರಭೇದಗಳಲ್ಲಿ ಸಾಮಾನ್ಯವಾಗಿ ತೆನೆ ಒಂಟಿ. ಕವಲೊಡೆದ ತೆನೆ ಆಫ್ರಿಕಾದ ಪ್ರಭೇದಗಳಲ್ಲಿ ಹೆಚ್ಚು. ಆದ್ದರಿಂದಲೇ ಸಾತಾರಾದ ಈ ಗಿಡ ಸಸ್ಯವಿಜ್ಞಾನಿಗಳ ಕುತೂಹಲವನ್ನು ವಿಶೇಷವಾಗಿ ಕೆರಳಿಸಿದೆ. ಮೀನಿನ ತೊಟ್ಟಿಗಳಲ್ಲಿ ಬೆಳೆಸುವ, ಬಲೆಯಂತಹ ಎಲೆಗಳುಳ್ಳ ಮಡಗಾಸ್ಕರ್‌ನ ಜಲಸಸ್ಯವೂ ಇದೇ ಕುಲಕ್ಕೆ ಸೇರಿದ್ದು.

ಹೂವು ಅಲ್ಲಿ ಎಂದಿನಿಂದಲೂ ಇತ್ತು. ದನ ಮೇಯಿಸುವ ಮಕ್ಕಳಿಗೂ ಅದು ಗೊತ್ತಿತ್ತು. ವಿಜ್ಞಾನಕ್ಕೆ ಮಾತ್ರ ಗೊತ್ತಾದದ್ದು ತೀರ ತಡವಾಗಿ. ಸುಂದರರಾಘವನ್, ಎ.ಆರ್. ಕುಲಕರ್ಣಿ ಮತ್ತು ಎಸ್.ಆರ್. ಯಾದವ್ ಇದನ್ನು ಹೊಸ ಪ್ರಭೇದವೆಂದು ಗುರುತಿಸಿ, 1980ರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದರು. ಯಾದವ್ ಅವರು ಮುಂದೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಘಟ್ಟದ ಉತ್ತರ ಭಾಗದ ಇನ್ನೂ ಅನೇಕ ಸಸ್ಯಗಳಿಗೆ ವೈಜ್ಞಾನಿಕ ನಾಮಕರಣ ಮಾಡಿದರು. ಮುಂಬೈ-ಬೆಂಗಳೂರು ಹೆದ್ದಾರಿಯಿಂದ ಗಂಟೆಯೊಂದರ ದಾರಿಯಲ್ಲಿರುವ ಹೂವೊಂದು ಅಷ್ಟು ವರ್ಷ ಹೆಸರಿಲ್ಲದೆ ಉಳಿದಿತ್ತೆಂಬುದು, ಇಂತಹ ಕಲ್ಲುಹಾಸುಗಳನ್ನು ನಾವು ಎಷ್ಟು ಕಡೆಗಣಿಸಿದ್ದೆವು ಎಂಬುದಕ್ಕೆ ಸಾಕ್ಷಿಯಾಗಿದೆ.

ಬಂಡೆಯೇ ಕುಂಡ

ಇಷ್ಟು ಸಣ್ಣ ಪ್ರದೇಶದಲ್ಲಿ ಮಾತ್ರ ಒಂದು ಗಿಡ ಏಕೆ ಬದುಕಬೇಕು? ಉತ್ತರಕ್ಕೆ ಮೊದಲು ಕಾಲ ಕೆಳಗಿನ ಕಲ್ಲನ್ನು ನೋಡಬೇಕಾಗುತ್ತದೆ.

ಸಾತಾರಾದ ಬೆಟ್ಟಗಳು ಸುಮಾರು 6.5 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸದಿಂದ ಆದವು. ಪದರದ ಮೇಲೆ ಪದರವಾಗಿ ಕುಳಿತ ಈ ಕರಿಶಿಲೆಯ ನೆತ್ತಿಯ ಮೇಲೆ, ದೀರ್ಘಕಾಲದ ಬಿಸಿಲು ಮಳೆಗಳ ಆಟದಿಂದ ಇನ್ನೊಂದು ಬಗೆಯ ಹೊದಿಕೆ ರೂಪುಗೊಂಡಿತು. ಮಳೆನೀರು ಕರಗುವ ಲವಣಗಳನ್ನೆಲ್ಲ ತೊಳೆದುಕೊಂಡು ಹೋಯಿತು. ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳು ಉಳಿದು ಗಟ್ಟಿಯಾದವು. ಅದೇ ಲ್ಯಾಟರೈಟ್. ಕರಾವಳಿಯ ಮನೆಗಳ ಗೋಡೆಗಳಲ್ಲಿ ಕಾಣುವ ಮುರಕಲ್ಲು, ಜಂಬಿಟ್ಟಿಗೆ ಎಂದರೂ ಇದೇ. ಅದಕ್ಕೆ ಇಂಗ್ಲಿಷ್ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಆತ, ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಬಹುದಾದ ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಕರೆದನು. 1807ರಲ್ಲಿ ಪ್ರಕಟವಾದ ಆತನ ಪ್ರವಾಸ ಗ್ರಂಥದಲ್ಲಿ ಆ ಉಲ್ಲೇಖವಿದೆ.

ಗಟ್ಟಿಯಾದ ಈ ಹೊದಿಕೆಯ ಮೇಲೆ ಮಣ್ಣು ಕೆಲವೇ ಅಂಗುಲ. ಅನೇಕ ಕಡೆ ಅದೂ ಇಲ್ಲ. ಮರ ಬೇರೂರಲು ಆಳವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಇಂಗಲು ಜಾಗ ಸಾಲದೆ ಇಡೀ ಹಾಸು ಜವುಗಾಗುತ್ತದೆ. ಅಕ್ಟೋಬರ್ ಕಳೆಯುತ್ತಲೇ ನೀರು ಬತ್ತಿ, ಮಾರ್ಚ್-ಏಪ್ರಿಲ್‌ನಲ್ಲಿ ಬಂಡೆ ಕಾದ ಹಂಚಾಗುತ್ತದೆ. ನಾಲ್ಕು ತಿಂಗಳು ಕೆಸರು, ಎಂಟು ತಿಂಗಳು ಬರ. ಇಂತಹ ವೈಪರೀತ್ಯವನ್ನು ಸಾಮಾನ್ಯ ಗಿಡಗಳು ಸಹಿಸಲಾರವು. ಸಹಿಸಬಲ್ಲವುಗಳಿಗೆ ಸ್ಪರ್ಧಿಗಳು ಕಡಿಮೆ. ಹೀಗಾಗಿ ಸುತ್ತಲಿನ ಕಾಡಿನ ನಡುವೆ ಈ ಕಲ್ಲುಹಾಸುಗಳು, ಸಮುದ್ರದ ಮಧ್ಯದ ದ್ವೀಪಗಳಂತೆ, ತಮ್ಮದೇ ಆದ ಜೀವಿಗಳನ್ನು ಕಾಲಾಂತರದಲ್ಲಿ ಬೆಳೆಸಿಕೊಂಡವು.

ವಾಯತುರಾದ ಉಪಾಯ ಗಡ್ಡೆ. ಬಂಡೆಯ ಗುಳಿಯ ತಳದಲ್ಲಿ ಕೂಡಿಕೊಂಡ ಕೆಸರಿನಲ್ಲಿ ಅದರ ಗಡ್ಡೆ ಬೇಸಿಗೆಯುದ್ದಕ್ಕೂ ಸುಪ್ತವಾಗಿರುತ್ತದೆ. ಮೊದಲ ಮಳೆಗೆ ಗುಳಿ ತುಂಬುತ್ತಲೇ ಎಲೆಗಳನ್ನು ಹೊರಡಿಸಿ, ಬೇಗನೆ ಹೂದಂಟನ್ನು ಎತ್ತುತ್ತದೆ. ಬೀಜ ಕಟ್ಟುವುದೂ, ಮುಂದಿನ ವರ್ಷಕ್ಕಾಗಿ ಗಡ್ಡೆಯಲ್ಲಿ ಆಹಾರ ತುಂಬಿಕೊಳ್ಳುವುದೂ ನೀರು ಆರುವುದರೊಳಗೆ ಮುಗಿಯಬೇಕು. ನೀರು ಮೊದಲೇ ಬತ್ತಿದರೂ ಕಷ್ಟ, ಗುಳಿಯ ಕೆಸರು ಕೊಚ್ಚಿಹೋದರೂ ಕಷ್ಟ.

ನೆರೆಹೊರೆಯ ಗಿಡಗಳ ಉಪಾಯಗಳೂ ಕಡಿಮೆ ಸ್ವಾರಸ್ಯದವಲ್ಲ. ಮಣ್ಣಿನಲ್ಲಿ ಸಾರಜನಕ ತೀರ ಕೊರತೆಯಾದ್ದರಿಂದ ಕೆಲವು ಗಿಡಗಳು ಕೀಟಗಳನ್ನು ಹಿಡಿದು ಅರಗಿಸಿಕೊಳ್ಳುತ್ತವೆ. ಡ್ರಾಸೆರಾ ಗಿಡದ ಎಲೆಯ ರೋಮಗಳ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಅಂಟು, ನೊಣಗಳಿಗೆ ಮೃತ್ಯುಪಾಶ. ಯುಟ್ರಿಕ್ಯುಲೇರಿಯಾದ ಬಲೆ ನೀರಿನೊಳಗಿದೆ. ಕಣ್ಣಿಗೆ ಕಾಣುವುದು ಅದರ ನೀಲಿ-ನೇರಳೆಯ ಪುಟ್ಟ ಹೂ ಮಾತ್ರ. ಮರಾಠಿಗರು ಅದನ್ನು ‘ಸೀತೇಚೀ ಆಸವೇ’, ಅಂದರೆ ಸೀತೆಯ ಕಣ್ಣೀರು ಎಂದು ಕರೆಯುತ್ತಾರೆ. ಹೆಸರು ಕರುಣಾಜನಕ, ಕಸುಬು ಬೇಟೆ! ಹಳದಿ ಹಾಸನ್ನು ಹಾಸುವ ‘ಸೋನಕಿ’, ‘ಕವಳಾ’, ಏಳು ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಡುವ ‘ಟೋಪಲಿ ಕಾರವಿ’, ದೀಪದ ಬುರುಡೆಯ ಆಕಾರದ ಹೂವಿನ ಸೆರೋಪೀಜಿಯಾ ಪ್ರಭೇದಗಳು, ನೆಲದ ಆರ್ಕಿಡ್‌ಗಳು ಹೀಗೆ ಪಟ್ಟಿ ಬೆಳೆಯುತ್ತದೆ. ಸುಮಾರು 10 ಚದರ ಕಿ.ಮೀ. ವಿಸ್ತಾರದ ಕಾಸ್‌ನಲ್ಲಿ 850ಕ್ಕೂ ಹೆಚ್ಚು ಬಗೆಯ ಹೂಬಿಡುವ ಸಸ್ಯಗಳಿವೆ ಎಂದು ಅಂದಾಜಿಸಲಾಗಿದೆ. ಹೂಗಳು ಎಲ್ಲವೂ ಒಮ್ಮೆಗೇ ಅರಳುವುದಿಲ್ಲ. ಎರಡು ವಾರಕ್ಕೊಮ್ಮೆ ಬಣ್ಣ ಬದಲಾಗುತ್ತದೆ ಎಂಬುದು ಅಲ್ಲಿಗೆ ಮತ್ತೆ ಮತ್ತೆ ಹೋಗುವವರ ಅನುಭವ.

‘ಪಾಳು’ ಎಂಬ ಹಣೆಪಟ್ಟಿ

ಭೂದಾಖಲೆಗಳ ಭಾಷೆಯಲ್ಲಿ ಇಂತಹ ನೆಲಕ್ಕೆ ಬೆಲೆಯಿಲ್ಲ. ಉಳಲಾಗದು, ಮರ ಬೆಳೆಸಲಾಗದು, ಆದ್ದರಿಂದ ಪಾಳು. ದೇಶದ ಪಾಳುಭೂಮಿಗಳ ಸರ್ಕಾರಿ ನಕಾಶೆಯಲ್ಲಿ ‘ಬರಡು ಬಂಡೆ ಪ್ರದೇಶ’ ಎಂಬ ಪ್ರತ್ಯೇಕ ವರ್ಗವೇ ಇದೆ. ನಮ್ಮ ಕಂದಾಯ ದಾಖಲೆಗಳ ‘ಖರಾಬು’ ಎಂಬ ಮಾತಿನ ಹಿಂದೆಯೂ ಇದೇ ದೃಷ್ಟಿಯಿದೆ. ಪಾಳು ಎಂದು ಕರೆದ ಮೇಲೆ ಅದನ್ನು ‘ಉಪಯುಕ್ತ’ಗೊಳಿಸುವ ಯೋಜನೆಗಳು ಬರುವುದು ಸಹಜ. ಸಾತಾರಾ, ಕೊಲ್ಲಾಪುರ ಜಿಲ್ಲೆಗಳ ಕಲ್ಲುಹಾಸುಗಳ ಮೇಲೆ ಬಂದದ್ದು ಗಣಿ, ಗಾಳಿಯಂತ್ರ ಮತ್ತು ರೆಸಾರ್ಟು.

ಗಣಿಯ ಕತೆಗೆ ಕರ್ನಾಟಕದ ನಂಟಿದೆ. ಲ್ಯಾಟರೈಟಿನಲ್ಲಿ ಅಲ್ಯುಮಿನಿಯಂ ಅಂಶ ಅಧಿಕವಾದರೆ ಅದೇ ಬಾಕ್ಸೈಟ್. ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಗೆ ಅದಿರು ಬಂದದ್ದು ಕೊಲ್ಲಾಪುರ ಜಿಲ್ಲೆಯ ಘಟ್ಟದ ನೆತ್ತಿಯ ಗಣಿಗಳಿಂದ. ಬೆಟ್ಟದ ಮೇಲಿನ ಗಟ್ಟಿ ಹೊದಿಕೆಯನ್ನೇ ತೆಗೆಯುವ ಈ ಗಣಿಗಾರಿಕೆಯ ತರುವಾಯ ಮಣ್ಣು ತುಂಬಿ ಗಿಡ ನೆಡಬಹುದು. ಆದರೆ ಬಂಡೆಯ ಗುಳಿಯನ್ನಾಗಲಿ, ಅದರ ತಳದ ಕೆಸರನ್ನಾಗಲಿ ಮರಳಿ ನಿರ್ಮಿಸುವ ವಿದ್ಯೆ ಯಾರಿಗೂ ತಿಳಿದಿಲ್ಲ. ಉತ್ತರ ಘಟ್ಟ ಹಾಗೂ ಕೊಂಕಣದ ಕಲ್ಲುಹಾಸುಗಳ ಸ್ಥಿತಿಗತಿಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಪರ್ಣಾ ವಾಟವೆ ಅವರು 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಈ ನೆಲೆಗಳ ಮೇಲಿನ ಒತ್ತಡಗಳನ್ನು ಒಂದೆಡೆ ಸಂಗ್ರಹಿಸಿ ಕೊಟ್ಟಿದೆ.

ಗಾಳಿಯಂತ್ರಗಳ ವಿಷಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥಾಕರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಗಿ ವಿಶ್ವದ ಗಮನ ಸೆಳೆಯಿತು. ನಡೆದದ್ದು ಸಾತಾರಾ ಜಿಲ್ಲೆಯದೇ ಆದ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ. ಯಂತ್ರಗಳಿರುವ ಭಾಗದಲ್ಲಿ ಬೇಟೆಹಕ್ಕಿಗಳ ಪ್ರಮಾಣ, ಯಂತ್ರಗಳಿಲ್ಲದ ಭಾಗಕ್ಕಿಂತ ಸುಮಾರು ನಾಲ್ಕು ಪಟ್ಟು ಕಡಿಮೆಯಿತ್ತು. ಹಕ್ಕಿಯ ಭಯ ತಪ್ಪಿದ್ದರಿಂದ, ಗಂಟಲಿನಲ್ಲಿ ಬೀಸಣಿಗೆಯಂತಹ ಬಣ್ಣದ ತೊಗಲುಳ್ಳ ‘ಸರಡಾ ಸುಪರ್ಬಾ’ ಎಂಬ ಓತಿಗಳ ಸಂಖ್ಯೆ ಏರಿತ್ತು. ಅವುಗಳ ನಡವಳಿಕೆಯೂ ಮೈಬಣ್ಣವೂ ಬದಲಾಗಿದ್ದವು. ಈ ಓತಿಗೆ ವೈಜ್ಞಾನಿಕ ಹೆಸರು ದೊರೆತದ್ದು ಕೇವಲ 2016ರಲ್ಲಿ, ಇದೇ ಪ್ರದೇಶದಿಂದ. ಹೊಗೆಯಿಲ್ಲದ ವಿದ್ಯುತ್ತು ಬೇಡವೆಂದು ಯಾರೂ ಹೇಳಲಾರರು. ಆದರೆ ‘ಏನೂ ಇಲ್ಲದ ಜಾಗ’ ಎಂದು ಆರಿಸಿಕೊಂಡ ಕಡೆ ಏನೇನಿತ್ತು ಎಂಬುದು ಯಂತ್ರ ನಿಂತು ಎಷ್ಟೋ ವರ್ಷಗಳ ಬಳಿಕ ಗೊತ್ತಾಯಿತು.

ಬೇಲಿ ಹಾಕಿದ್ದು, ತೆಗೆದದ್ದು

ಕಾಸ್ ಈ ಪಾಡಿನಿಂದ ಪಾರಾಯಿತು. ಅದು ಅರಣ್ಯ ಇಲಾಖೆಯ ವಶದಲ್ಲಿದ್ದದ್ದು ಒಂದು ಕಾರಣ. 2012ರ ಜುಲೈನಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆದ ಸಭೆಯಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕರ್ನಾಟಕದ ಆಗುಂಬೆ, ಕುದುರೆಮುಖ, ಪುಷ್ಪಗಿರಿ, ತಲಕಾವೇರಿ ಸೇರಿದಂತೆ 10 ತಾಣಗಳು ಅದರಲ್ಲಿದ್ದವು. ಮಹಾರಾಷ್ಟ್ರದ 4 ತಾಣಗಳಲ್ಲಿ ಕೊಯ್ನಾ, ಚಾಂದೋಲಿ, ರಾಧಾನಗರಿಗಳು ಕಾಡುಗಳು. ನಾಲ್ಕನೆಯದು ಮರಗಳಿಲ್ಲದ ಕಾಸ್.

ಪಟ್ಟ ದೊರೆತದ್ದೇ ತಡ, ಜನ ಬಂದರು. ಅಂತರ್ಜಾಲದಲ್ಲಿ ಹರಿದಾಡಿದ ಚಿತ್ರಗಳನ್ನು ಕಂಡು ಮುಂಬೈ, ಪುಣೆಗಳಿಂದ ವಾಹನಗಳು ಸಾಲುಗಟ್ಟಿದವು. ಸಾತಾರಾದಿಂದ ಕೊಯ್ನಾ ಹಿನ್ನೀರಿನ ದಡದ ಬಾಮಣೋಲಿಗೆ ಹೋಗುವ ಕಿರುರಸ್ತೆ ಪ್ರಸ್ಥಭೂಮಿಯನ್ನು ಸೀಳಿಕೊಂಡೇ ಸಾಗುವುದರಿಂದ ಹೂವಿನ ಹಾಸಿಗೆ ಕಾರಿನ ಬಾಗಿಲಿನಿಂದ ಒಂದೇ ಹೆಜ್ಜೆ. ಚಿತ್ರಕ್ಕಾಗಿ ಹೂಗಳ ನಡುವೆ ಮಲಗುವವರು, ಗುಳಿಯ ನೀರಿಗೆ ಕಾಲಿಡುವವರು ಹೆಚ್ಚಿದರು. ಕೊಡಗಿನ ಮಾಂದಲಪಟ್ಟಿಯಲ್ಲಿ 2021ರಲ್ಲಿ, ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ 2022ರಲ್ಲಿ ಕುರಿಂಜಿ ಅರಳಿದಾಗ ಕಂಡ ನೂಕುನುಗ್ಗಲನ್ನು ನೆನೆದರೆ ಕಾಸ್‌ನ ಪಾಡನ್ನು ಊಹಿಸಬಹುದು. ವ್ಯತ್ಯಾಸವಿಷ್ಟೆ: ಕುರಿಂಜಿ ಪೊದೆಯಾಗಿ ನಿಲ್ಲುತ್ತದೆ, ಕಾಸ್‌ನ ಬಹುಪಾಲು ಹೂಗಳು ಪಾದದ ಎತ್ತರವನ್ನೂ ಮೀರುವುದಿಲ್ಲ. ಒಂದು ಹೆಜ್ಜೆಗೆ ಹಲವಾರು ಗಿಡಗಳು ನೆಲಕಚ್ಚುತ್ತವೆ, ಬೀಜ ಕಟ್ಟುವ ಮೊದಲೇ.

ಅರಣ್ಯ ಇಲಾಖೆಯು ಕಾಸ್, ಏಕೀವ್, ಆಟಾಳಿ, ಕಾಸಾಣಿ ಮುಂತಾದ ಹಳ್ಳಿಗಳ ಜನರನ್ನೊಳಗೊಂಡ ಜಂಟಿ ಸಮಿತಿಯ ಮೂಲಕ ಪ್ರವೇಶಶುಲ್ಕ ವಿಧಿಸಿತು. ಮುಂಗಡ ನೋಂದಣಿ ಕಡ್ಡಾಯವಾಯಿತು. ದಿನಕ್ಕೆ 3000 ಜನರ ಮಿತಿ ಗೊತ್ತುಪಡಿಸಲಾಯಿತು. ಹಳ್ಳಿಯ ಯುವಕರಿಗೆ ಕಾವಲು, ಮಾರ್ಗದರ್ಶನದ ಕೆಲಸ ದೊರೆಯಿತು. ಜೊತೆಗೆ ಹೂವಿನ ಪ್ರದೇಶದ ಸುತ್ತ ತಂತಿಬೇಲಿಯೂ ಎದ್ದಿತು. ಒಳಗೆ ದನ ಮೇಯುವುದು ನಿಂತಿತು.

ವಿವಾದ ಹುಟ್ಟಿದ್ದು ಇಲ್ಲಿ. ಬೇಲಿಯ ನಂತರ ಹೂಗಳು ಮೊದಲಿನಂತೆ ದಟ್ಟವಾಗಿ ಅರಳುತ್ತಿಲ್ಲ ಎಂಬ ದೂರು ಕೆಲವೇ ವರ್ಷಗಳಲ್ಲಿ ಕೇಳಿಬಂತು. ಹಳ್ಳಿಗರದೂ ಕೆಲವು ತಜ್ಞರದೂ ವಾದ ಹೀಗಿತ್ತು: ದನಗಳು ತಲೆತಲಾಂತರದಿಂದ ಇಲ್ಲಿ ಮೇಯುತ್ತಿದ್ದವು. ಅವು ಎತ್ತರದ ಹುಲ್ಲನ್ನು ತಿಂದು ತೆರವು ಮಾಡಿದ್ದರಿಂದಲೇ ಕುಳ್ಳ ಹೂಗಿಡಗಳಿಗೆ ಬಿಸಿಲು ಸಿಗುತ್ತಿತ್ತು. ಮೇವು ನಿಂತ ಮೇಲೆ ಹುಲ್ಲು ಬಲಿತು, ಒಣಗಿ, ಕೊಳೆತು, ತೆಳುವಾದ ಬಡಮಣ್ಣಿಗೆ ಗೊಬ್ಬರವಾಗತೊಡಗಿತು. ಬಡತನವನ್ನೇ ನೆಚ್ಚಿದ ಗಿಡಗಳಿಗೆ ಗೊಬ್ಬರ ಶತ್ರು. ವಿರುದ್ಧ ವಾದವೂ ಇಲ್ಲದಿಲ್ಲ. ಮಿತಿಮೀರಿದ ಮೇವು, ಸಗಣಿ, ಗೊರಸಿನ ತುಳಿತ ಇವೂ ಗುಳಿಯ ನೀರನ್ನು ಕೆಡಿಸುತ್ತವೆ. ಮೇವು ಎಷ್ಟಿರಬೇಕೆಂಬುದೇ ಪ್ರಶ್ನೆಯೇ ಹೊರತು, ಬೇಕೋ ಬೇಡವೋ ಎಂಬುದಲ್ಲ ಎನ್ನುವವರಿದ್ದಾರೆ. ಅಂತೂ ಇತ್ತೀಚಿನ ವರ್ಷಗಳಲ್ಲಿ ಆ ತಂತಿಬೇಲಿಯನ್ನು ತೆರವುಗೊಳಿಸಲಾಗಿದೆ. ಕಾಡನ್ನು ಕಾಯುವ ಪರಿಪಾಠವನ್ನೇ ಹುಲ್ಲುಹಾಸಿಗೂ ಅನ್ವಯಿಸಿದಾಗ ಎದುರಾಗುವ ಪೇಚಿಗೆ ಕಾಸ್‌ನ ಬೇಲಿ ಒಳ್ಳೆಯ ಉದಾಹರಣೆ.

ವಾಯತುರಾದ ವಿಷಯ ಇನ್ನೂ ಸೂಕ್ಷ್ಮ. ಅದಕ್ಕೆ ಹುಲ್ಲಿನ ಕಾಟಕ್ಕಿಂತ ನೀರಿನ ಚಿಂತೆ ಹೆಚ್ಚು. ರಸ್ತೆಯ ಅಂಚನ್ನು ಎತ್ತರಿಸಿದರೆ, ಚರಂಡಿ ತೋಡಿದರೆ, ವಾಹನ ನಿಲುಗಡೆಗೆ ಕೆಂಪುಮಣ್ಣು ಸುರಿದರೆ ಗುಳಿಗಳಿಗೆ ಹರಿದು ಬರುವ ನೀರಿನ ದಾರಿ ತಪ್ಪುತ್ತದೆ. ಗುಳಿ ತುಂಬಿಹೋದರೆ ಗಿಡವಿಲ್ಲ. ಕೆರೆಯೊಂದರಲ್ಲಿ ಅಳಿದ ಜಲಸಸ್ಯ ಪಕ್ಕದ ಕೆರೆಯಿಂದ ಮರಳಿ ಬಂದೀತು. ಬೆಟ್ಟದ ನೆತ್ತಿಯ ಈ ಗಿಡಕ್ಕೆ ಪಕ್ಕದ ನೆಲೆಯೆಂದರೆ ಕಣಿವೆಯಾಚೆಯ ಇನ್ನೊಂದು ನೆತ್ತಿ.

ನೀರಿನ ಹಾದಿ ಕರ್ನಾಟಕಕ್ಕೆ

ಕಾಸ್‌ನಿಂದ ಇಳಿಯುವ ನೀರಿನ ಲೆಕ್ಕ ಹೂವಿಗಷ್ಟೇ ಸೀಮಿತವಲ್ಲ. ಪ್ರಸ್ಥಭೂಮಿಯ ಅಂಚಿನಲ್ಲಿರುವ ಕಾಸ್ ಕೆರೆ ಬ್ರಿಟಿಷರ ಕಾಲದಿಂದ ಸಾತಾರಾ ನಗರಕ್ಕೆ ಕುಡಿಯುವ ನೀರು ಕೊಡುತ್ತಾ ಬಂದಿದೆ. ಇದೇ ಪರಿಸರದಲ್ಲಿ ಹುಟ್ಟುವ ಉರ್ಮೋಡಿ ನದಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಪಶ್ಚಿಮದ ಇಳಿಜಾರಿನ ನೀರು ಕೊಯ್ನಾ ಕಣಿವೆಗೆ ಇಳಿದು, ಕರಾಡದಲ್ಲಿ ಅದೇ ಕೃಷ್ಣೆಗೆ ಕೂಡುತ್ತದೆ. ಸಾಂಗ್ಲಿ ದಾಟಿ ಚಿಕ್ಕೋಡಿ ಸೀಮೆಯನ್ನು ಹೊಕ್ಕು ಆಲಮಟ್ಟಿಯಲ್ಲಿ ನಿಲ್ಲುವ ನೀರಿನಲ್ಲಿ ವಾಯತುರಾ ನಿಂತ ಗುಳಿಗಳ ಪಾಲೂ ಇದೆ.

ಕಲ್ಲುಹಾಸುಗಳು ನಮ್ಮಲ್ಲಿಯೂ ಇಲ್ಲದಿಲ್ಲ. ಖಾನಾಪುರದ ಜಾಂಬೋಟಿ, ಕಣಕುಂಬಿ, ಚೋರ್ಲಾ ಸುತ್ತಿನ ಘಟ್ಟದ ನೆತ್ತಿಗಳು, ದಕ್ಷಿಣ ಕನ್ನಡ-ಉಡುಪಿಗಳಲ್ಲಿ ‘ಪದವು’ ಎಂದು ಕರೆಯಲಾಗುವ ಮುರಕಲ್ಲಿನ ಬಯಲುಗಳು ಇದೇ ಬಗೆಯವು. ಕರಾವಳಿಯ ಪದವುಗಳ ಮೇಲೆ ಬಡಾವಣೆ, ಕಾರ್ಖಾನೆ, ಕಲ್ಲುಕೋರೆಗಳು ಹಬ್ಬಿವೆ. ಮಳೆಗಾಲದಲ್ಲಿ ಅಲ್ಲಿಯೂ ಡ್ರಾಸೆರಾ, ಯುಟ್ರಿಕ್ಯುಲೇರಿಯಾಗಳು ಹೂಬಿಡುತ್ತವೆ. ನೋಡಲು ಟಿಕೆಟ್ಟಿಲ್ಲ, ನೋಡುವವರೂ ವಿರಳ.

ಕಾಸ್‌ಗೆ ಹೋಗಬಯಸುವವರು ಗಮನಿಸಬೇಕಾದ ಅಂಶವೆಂದರೆ, ಹೂಹಾಸಿನ ಹೆಸರುವಾಸಿ ಕಾಲ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳವರೆಗೆ. ವಾಯತುರಾವನ್ನೇ ಅರಸುವವರು ಅದಕ್ಕೂ ಮುಂಚೆ, ಮಂಜು ಮುಸುಕಿ ಹತ್ತು ಅಡಿ ದೂರದ್ದು ಕಾಣದಿರುವ ಜುಲೈ-ಆಗಸ್ಟ್‌ನಲ್ಲಿ ಹೊರಡಬೇಕಾಗುತ್ತದೆ. ಶನಿವಾರ, ಭಾನುವಾರಗಳನ್ನು ಬಿಟ್ಟರೆ ಒಳ್ಳೆಯದು. ಗೊತ್ತುಪಡಿಸಿದ ಕಾಲುದಾರಿಯಲ್ಲೇ ನಡೆಯಬೇಕು. ಗುಳಿಗಳನ್ನು ದಡದಿಂದಲೇ ನೋಡಬೇಕು. ಮೇ ತಿಂಗಳಲ್ಲಿ ಹೋದವರಿಗೆ ಅಲ್ಲಿ ಕಾಣಸಿಗುವುದು ಬಿರುಕುಬಿಟ್ಟ ಕೆಸರಿನ ಒಣ ಗುಳಿಗಳು ಮಾತ್ರ. ಗಡ್ಡೆ ಇರುವುದು ಅದರ ಅಡಿಯಲ್ಲೇ.